ನೀತಿ ಎಲ್ಲಿ?

ನಮ್ಮ ಶಾಲೆಯ ಹಿತ್ತಿಲಲ್ಲಿ ಒಂದು ಗುಂಡಿ ಇದೆ. ಪ್ರತಿ ವರ್ಷ ಜುಲೈ ಮೊದಲ ವಾರದಲ್ಲಿ ವನಮಹೋತ್ಸವಕ್ಕೆಂದು ಬರುವ ಅತಿಥಿಗಳು ಅದೇ ಗುಂಡಿಯಲ್ಲಿ ಒಂದು ಸಸಿ ನೆಡುತ್ತಾರೆ. ಮಲೆನಾಡಿನ ಜುಲೈ ಹೇಗಿರುತ್ತದೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಹಿಂದೆ ನಿಂತವರೊಬ್ಬರು ಕೊಡೆ ಹಿಡಿದಿರುತ್ತಾರೆ. ಆ ಕೊಡೆಯ ಅಡಿಯಲ್ಲಿ ನಿಂತು ಅತಿಥಿಗಳು ಹಿತ್ತಾಳೆ ಚೊಂಬಿನಿಂದ ಗಿಡಕ್ಕೆ ನೀರೆರೆಯುತ್ತಾರೆ. ಫೋಟೊ ಆಗುತ್ತದೆ. ಮುಂದಿನ ಬೇಸಿಗೆಯೊಳಗೆ ಗಿಡ ಒಣಗುತ್ತದೆ, ಇಲ್ಲವೇ ಯಾರದೋ ದನ ಅದನ್ನು ಮುಗಿಸುತ್ತದೆ. ಗುಂಡಿ ಮಾತ್ರ ಚಿರಂಜೀವಿ.

ನೆಟ್ಟ ಮೇಲೆ ಭಾಷಣ. ಮೂವತ್ತು ವರ್ಷಗಳಿಂದ ನಾನು ಕೇಳುತ್ತಿರುವುದು ಒಂದೇ ಭಾಷಣ. ಅತಿಥಿಗಳು ಬದಲಾಗಿದ್ದಾರೆ, ಪಕ್ಷಗಳು ಬದಲಾಗಿವೆ, ಭಾಷಣ ಬದಲಾಗಿಲ್ಲ. ‘ಮಕ್ಕಳೇ, ಮರವನ್ನು ನೋಡಿ ಕಲಿಯಿರಿ. ಕಲ್ಲು ಹೊಡೆದವನಿಗೂ ಅದು ಹಣ್ಣನ್ನೇ ಕೊಡುತ್ತದೆ.’ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಏಕೆಂದರೆ ಅದಾದ ಮೇಲೆ ಚಾಕಲೇಟು ಹಂಚುವುದೆಂದು ಅವರಿಗೆ ಗೊತ್ತು. ಈಚಿನ ಒಂದು ವರ್ಷ ಹೀಗೆಯೇ ಕಾರ್ಯಕ್ರಮ ಮುಗಿದು ಅತಿಥಿಗಳ ಜೀಪು ಹೊರಟ ಮೇಲೆ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಾಯಲ್ಲಿ ಚಾಕಲೇಟು ಇಟ್ಟುಕೊಂಡೇ ನನ್ನ ಹತ್ತಿರ ಬಂದಳು. “ಅಕ್ಕೋರೆ, ಕಲ್ಲು ಹೊಡೆದ್ರೆ ಮರ ಹಣ್ಣು ಕೊಡ್ತದಾ, ತೊಟ್ಟು ಹರಿದು ಬೀಳ್ತದಾ?”

ನಾನು “ಎರಡೂ ಒಂದೇ, ಹೋಗು” ಎಂದೆ.

ಎರಡೂ ಒಂದೇ ಅಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಹೋದಳು. ಆ ಸುಳ್ಳು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ. ಅದನ್ನು ತೆಗೆಯಲು ಈ ಬರಹ.

ನನ್ನ ಜಗಳ ಮರದ ಮೇಲಲ್ಲ, ಅತಿಥಿಗಳ ಮೇಲೂ ಅಲ್ಲ; ಪಾಪ, ಅವರಿಗೆ ಇನ್ನೂ ಎರಡು ಶಾಲೆಗಳ ಗುಂಡಿ ಕಾದಿರುತ್ತದೆ. ಪ್ರಕೃತಿಯಲ್ಲಿ ಕಂಡದ್ದನ್ನೆಲ್ಲ ಹಿಡಿದು ಹಿಂಡಿ ಅದರಿಂದ ಒಂದು ತೊಟ್ಟು ನೀತಿ ಇಳಿಸದೆ ನಮಗೆ ನಿದ್ದೆ ಬರುವುದಿಲ್ಲವಲ್ಲ, ಆ ಚಟದ ಮೇಲೆ ನನ್ನ ಜಗಳ. ಇರುವೆ ಎಂದರೆ ಶ್ರಮ, ಜೇನು ಎಂದರೆ ಒಗ್ಗಟ್ಟು, ಭೂಮಿ ಎಂದರೆ ತಾಳ್ಮೆ, ನದಿ ಎಂದರೆ ಮುಂದೆ ಸಾಗುವುದು, ಕಮಲ ಎಂದರೆ ಕೆಸರಿನಲ್ಲಿದ್ದೂ ಅಂಟದಿರುವುದು. ನಮ್ಮ ಕಾಲದಲ್ಲಿ ಪಾಠದ ಕೊನೆಯಲ್ಲಿ ‘ಇದರಿಂದ ನಾವು ಕಲಿಯುವ ನೀತಿ’ ಎಂದು ಒಂದು ಸಾಲು ಇರುತ್ತಿತ್ತು. ಆಮೇಲೆ ಶಾಲೆಯ ಕರಿಹಲಗೆಯ ಮೂಲೆಗೆ ‘ಇಂದಿನ ಸುವಿಚಾರ’ ಬಂತು. ಪತ್ರಿಕೆಗಳಲ್ಲಿ ಅದಕ್ಕೆಂದೇ ಮೂಲೆಗಳಾದವು. ಈಗ ಬೆಳಗಾದರೆ ಮೊಬೈಲಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಹಳದಿ ಅಕ್ಷರಗಳಲ್ಲಿ ನೀತಿ ಬರುತ್ತದೆ. ಕಳಿಸಿದವರು ಆ ಹೊತ್ತಿಗೆ ಹಾಸಿಗೆಯಲ್ಲೇ ಇರುತ್ತಾರೆ, ಕಿಟಕಿ ತೆರೆದು ನಿಜವಾದ ಸೂರ್ಯನನ್ನು ನೋಡಿರುವುದಿಲ್ಲ. ಇದನ್ನು ಆಣೆ ಮಾಡಿ ಹೇಳಬಲ್ಲೆ, ಅವರಲ್ಲಿ ಇಬ್ಬರು ನನ್ನ ನಾದಿನಿಯರು.

ಇಷ್ಟು ಮಾತಾಡುವ ಅಧಿಕಾರ ನನಗೆ ಎಲ್ಲಿಂದ ಬಂತೆಂದು ಕೇಳಬೇಡಿ. ಕಳ್ಳನೇ ಕಳ್ಳತನದ ವಿಷಯ ಚೆನ್ನಾಗಿ ಬಲ್ಲ. ಇಪ್ಪತ್ತು ವರ್ಷ ನಾನು ಈ ನೀತಿ ಹಿಂಡುವ ಗಾಣದ ಎತ್ತಾಗಿದ್ದೆ.

1998ರಲ್ಲಿ ನಾನು ಶರಾವತಿ ಹಿನ್ನೀರಿನ ಆಚೆ ದಡದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಗೆ ‘ಪ್ರಕೃತಿಯೇ ಗುರು’ ಎಂಬ ಪ್ರಬಂಧ ಕೊಟ್ಟಿದ್ದೆ. ಹತ್ತು ಅಂಕ. ಉತ್ತರಪತ್ರಿಕೆಗಳ ಕಟ್ಟನ್ನು ಮನೆಗೆ ತಂದು, ಅನ್ನಕ್ಕೆ ಇಟ್ಟು, ಕುಕ್ಕರು ಮೂರು ಸಲ ಕೂಗುವುದರೊಳಗೆ ನಾಲ್ಕು ಪತ್ರಿಕೆ ಮುಗಿಸುವ ಅಭ್ಯಾಸ ನನಗೆ. ಎಲ್ಲರೂ ಬರೆದದ್ದು ಒಂದೇ. ಮರ ನೆರಳು ಕೊಡುತ್ತದೆ, ನಾವೂ ಕೊಡಬೇಕು. ನದಿ ಹರಿಯುತ್ತದೆ, ನಾವೂ ಹರಿಯಬೇಕು. ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದ. ಮುಳುಗಡೆಯಾದವರ ಮನೆಯವನು, ಹಿಂದಿನ ಬೆಂಚಿನವನು. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದುತ್ತಿದ್ದುದರಿಂದ ಅವನ ಪುಸ್ತಕಗಳಿಗೆಲ್ಲ ಸೀಮೆಎಣ್ಣೆಯ ವಾಸನೆ. ಅವನು ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು:

ನಮ್ಮ ಮನೆಯ ಹಿಂದೆ ಗೇರು ಮರದಲ್ಲಿ ಚಗಳಿ ಗೂಡು ಇದೆ. ಚಗಳಿಗಳು ಮೊದಲು ಸಾಲಾಗಿ ನಿಂತು ಒಂದು ಎಲೆಯನ್ನು ಇನ್ನೊಂದು ಎಲೆಯ ಹತ್ತಿರ ಎಳೆಯುತ್ತವೆ. ಎಲೆ ದೂರ ಇದ್ದರೆ ಒಂದರ ಸೊಂಟವನ್ನು ಒಂದು ಕಚ್ಚಿ ಹಿಡಿದು ಸರಪಣಿ ಮಾಡುತ್ತವೆ. ಆಮೇಲೆ ಬೇರೆ ಚಗಳಿಗಳು ಬಿಳಿ ಮರಿಯನ್ನು ಬಾಯಲ್ಲಿ ಹಿಡಿದುಕೊಂಡು ಬಂದು ಈ ಎಲೆಗೊಮ್ಮೆ ಆ ಎಲೆಗೊಮ್ಮೆ ಮುಟ್ಟಿಸುತ್ತವೆ. ಮರಿಯ ಬಾಯಿಂದ ನೂಲು ಬರುತ್ತದೆ. ಎಲೆ ಅಂಟಿಕೊಳ್ಳುತ್ತದೆ. ನಾನು ಒಂದು ಎಲೆ ಬಿಡಿಸಿ ನೋಡಿದೆ. ಕಚ್ಚಿದವು.

ಅಷ್ಟೇ. ‘ಕಚ್ಚಿದವು’ ಎಂಬಲ್ಲಿಗೆ ಪ್ರಬಂಧ ಮುಗಿದಿತ್ತು.

ಗಟ್ಟದ ಮೇಲಿನವರಿಗೆ ಚಗಳಿಯ ಪರಿಚಯ ಬೇಕಿಲ್ಲ. ಮಾವು, ಗೇರು, ಹಲಸಿನ ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ ಅದು. ಅದರ ಚಟ್ನಿ ಮಾಡುವವರೂ ಇದ್ದಾರೆ. ನಾನು ಹುಟ್ಟಿದ್ದು ಇಂಥ ಮರಗಳ ನಡುವೆಯೇ. ಅದರ ಗೂಡು ನೂರು ಸಲ ಕಂಡಿದ್ದೇನೆ, ಒಂದು ಸಲವೂ ನೋಡಿರಲಿಲ್ಲ. ಮರಿಯನ್ನು ಬಾಯಲ್ಲಿ ಹಿಡಿದು ದಬ್ಬಣದ ಹಾಗೆ ಹೊಲಿಯುತ್ತದೆಯೆಂದರೆ ಇವನು ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡೆ. ಕೆಂಪು ಶಾಯಿಯಲ್ಲಿ ಬರೆದೆ: ‘ವಿಷಯಕ್ಕೆ ಸಂಬಂಧವಿಲ್ಲ. ಕಲ್ಪನೆ ಬೇಡ. ನೀತಿ ಎಲ್ಲಿ?’ ಹತ್ತಕ್ಕೆ ಮೂರು ಕೊಟ್ಟೆ. ಮೂರು ಕೂಡ ಅಕ್ಷರ ದುಂಡಗಿದ್ದುದಕ್ಕೆ.

ವಾರ್ಷಿಕ ಪರೀಕ್ಷೆ ಬಂತು. ಪ್ರಬಂಧದ ವಿಷಯ ‘ಪರಿಸರ ಮತ್ತು ನಾವು’. ಅದೇ ಹುಡುಗ ಬರೆದ: ಇರುವೆಗಳು ಸದಾ ಶ್ರಮಪಡುತ್ತವೆ, ನಾವೂ ಇರುವೆಗಳಂತೆ ಶ್ರಮಪಡಬೇಕು. ನಾನು ಏಳೂವರೆ ಅಂಕ ಕೊಟ್ಟು ‘ಉತ್ತಮ ಪ್ರಗತಿ’ ಎಂದು ಬರೆದೆ.

ಆ ‘ಉತ್ತಮ ಪ್ರಗತಿ’ಯನ್ನು ನೆನೆದಾಗ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ತಾನು ಕಣ್ಣಾರೆ ನೋಡಿದ್ದನ್ನು ಬರೆದ ಮಗುವಿಗೆ ಮೂರು. ನೋಡದೇ ಇದ್ದುದನ್ನು, ಯಾರೂ ನೋಡದೇ ಇದ್ದುದನ್ನು ಬರೆದ ಮೇಲೆ ಏಳೂವರೆ. ಹುಡುಗ ದಡ್ಡನಲ್ಲ, ಅಕ್ಕೋರಿಗೆ ಏನು ಬೇಕೆಂದು ತಿಳಿದುಕೊಂಡ. ಆಮೇಲೆ ಅವನು ನನ್ನ ತರಗತಿಯಲ್ಲಿ ತನ್ನದೆಂಬ ಒಂದು ವಾಕ್ಯವನ್ನೂ ಬರೆಯಲಿಲ್ಲ. ಮರುವರ್ಷ ಹತ್ತನೆಯ ತರಗತಿಯಲ್ಲಿ ಗಣಿತ ಹೋಯಿತು, ಶಾಲೆ ಬಿಟ್ಟ. ಗಣಿತ ನನ್ನ ವಿಷಯವಲ್ಲವೆಂದು ಹೇಳಿಕೊಳ್ಳಬಹುದು, ಹೇಳಿಕೊಂಡೂ ಇದ್ದೇನೆ.

ಐದಾರು ವರ್ಷದ ಮೇಲೆ ಒಂದು ತರಬೇತಿ ಶಿಬಿರದಲ್ಲಿ ಜೀವಶಾಸ್ತ್ರದ ಮೇಷ್ಟ್ರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸಿದರು. ಚಗಳಿ, ಅದರ ಬಾಯಲ್ಲಿ ಬಿಳಿ ಮರಿ, ಮರಿಯ ಬಾಯಲ್ಲಿ ರೇಷ್ಮೆಯ ಎಳೆ. ಹುಡುಗ ಬರೆದದ್ದಕ್ಕೆ ಒಂದಕ್ಷರವೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಪಕ್ಕದಲ್ಲಿ ಕೂತಿದ್ದವರು “ಏನಾಯ್ತು ಮೇಡಂ, ತಲೆನೋವಾ?” ಎಂದು ಕೇಳಿದರು. ಹೌದೆಂದೆ.

ನಾಚಿಕೆಯ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಕಾಲೇಜಿನಲ್ಲಿದ್ದಾಗ ಅದನ್ನು ಓದಿ ಹುಚ್ಚು ಹಿಡಿಸಿಕೊಂಡವಳು ನಾನು. ಅದರಲ್ಲಿ ಬರುವ ಮಂದಣ್ಣ, ಊರವರ ಕಣ್ಣಿಗೆ ಪೆದ್ದ, ವಿಜ್ಞಾನಿಯ ಕಣ್ಣಿಗೆ ಹುಟ್ಟು ಜೀವಶಾಸ್ತ್ರಜ್ಞ. ಅವನನ್ನು ಕುರಿತು ತರಗತಿಯಲ್ಲಿ ಭಾವುಕಳಾಗಿ ಮಾತಾಡಿದ್ದೂ ಉಂಟು. ನಿಜವಾದ ಮಂದಣ್ಣ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ನಾನು ಮೂರು ಅಂಕ ಕೊಟ್ಟೆ.

ಇರುವೆಯ ಶ್ರಮದ ಮಾತು ಬಂದದ್ದರಿಂದ ಅದನ್ನೇ ಸ್ವಲ್ಪ ನೋಡೋಣ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಒಂದು ಜಾತಿಯ ಇರುವೆಗಳ ಮೈಮೇಲೆ ಬಣ್ಣದ ಚುಕ್ಕೆಯಿಟ್ಟು ಒಂದೊಂದನ್ನೂ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಗೂಡಿನಲ್ಲಿ ನೂರಕ್ಕೆ ಸುಮಾರು ನಲವತ್ತು ಇರುವೆಗಳು ಹೆಚ್ಚಿನ ಹೊತ್ತು ಏನೂ ಮಾಡದೆ ಸುಮ್ಮನಿರುತ್ತವಂತೆ. ದುಡಿಯುವವುಗಳನ್ನು ತೆಗೆದಾಗ ಈ ಸೋಮಾರಿಗಳಲ್ಲಿ ಕೆಲವು ಎದ್ದು ಆ ಜಾಗಕ್ಕೆ ಬಂದವು. ಅಷ್ಟು ದೂರವೂ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಕಣಜಗಳನ್ನು ನೋಡುತ್ತ ಕೂತವರು. ಒಂದು ಗೂಡಿನ ಕಣಜಗಳಲ್ಲಿ ಸುಮ್ಮನೆ ಕೂರುವವು, ಜಗಳವಾಡುವವು, ಮೇವು ತರುವವು ಎಂದು ಮೂರು ಬಗೆ ಇರುವುದನ್ನು ಅವರು 1980ರ ದಶಕದಲ್ಲೇ ತೋರಿಸಿಕೊಟ್ಟರು. ಅವರು ಹೆಚ್ಚಾಗಿ ನೋಡಿದ ಜಾತಿಯಲ್ಲಿ ರಾಣಿ ಜಗಳಗಂಟಿಯೂ ಅಲ್ಲ, ದುಡಿಯುವವಳೂ ಅಲ್ಲ, ತಣ್ಣಗೆ ಕೂರುವವಳು.

ಈಗ ಹೇಳಿ, ಇದರ ನೀತಿಯೇನು? ಸುಮ್ಮನೆ ಕೂತವರೇ ರಾಣಿಯಾಗುತ್ತಾರೆಂದು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಹೇಳೋಣವೇ? ಹೆಣ್ಣುಮಕ್ಕಳಿಗೆ ‘ಕೋಗಿಲೆಯ ಹಾಗೆ ಇಂಪಾಗಿ ಮಾತಾಡಿ’ ಎಂದು ಹಾಡಿನ ಸ್ಪರ್ಧೆಯಲ್ಲಿ ತೀರ್ಪುಗಾರರು ಹೇಳುತ್ತಾರೆ. ವಸಂತದಲ್ಲಿ ಕುಹೂ ಎನ್ನುವುದು ಗಂಡು. ಹೆಣ್ಣು ಚುಕ್ಕೆಚುಕ್ಕೆಯ ಕಂದು ಹಕ್ಕಿ, ಕಿಕ್‌ಕಿಕ್ ಎಂದು ಅರಚುತ್ತದೆ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೋಗುತ್ತದೆ. ಇನ್ನು ಮರ. ಹಕ್ಕಿ ಹಾಕಿದ ಬೀಜದಿಂದ ಇನ್ನೊಂದು ಮರದ ಕವಲಿನಲ್ಲಿ ಹುಟ್ಟಿದ ಗೋಳಿ, ಆಶ್ರಯ ಕೊಟ್ಟ ಮರವನ್ನೇ ಬೇರಿನಿಂದ ಬಿಗಿದು ಕೊಂದು ಅದರ ಜಾಗದಲ್ಲಿ ತಾನು ನಿಲ್ಲುವುದನ್ನು ನಮ್ಮ ಕಾಡಿನಲ್ಲಿ ಯಾರೂ ನೋಡಬಹುದು. ಹೊಲಗೇರು ಮರದ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ. ಕಲ್ಲು ಹೊಡೆಯುವುದೂ ಬೇಡ, ಕೊಂಬೆ ಕಡಿದರೆ ಸಾಕು. ವನಮಹೋತ್ಸವದ ಭಾಷಣಕ್ಕೆ ಈ ಮರಗಳಿಗೆ ಆಹ್ವಾನವಿಲ್ಲ.

ಕೋರ್ಟಿನಲ್ಲಿ ಹೇಳಿಕೊಟ್ಟ ಸಾಕ್ಷಿ ಎನ್ನುತ್ತಾರಲ್ಲ, ನಮ್ಮ ಇರುವೆ, ನದಿ, ಮರಗಳು ಅಂಥ ಸಾಕ್ಷಿಗಳು. ತೀರ್ಪು ಮೊದಲೇ ಬರೆದಾಗಿದೆ. ಅದಕ್ಕೆ ಹೊಂದುವ ಸಾಕ್ಷಿಯನ್ನು ಮಾತ್ರ ಕರೆಯುತ್ತೇವೆ, ಹೇಳಿಕೊಟ್ಟಷ್ಟನ್ನೇ ಹೇಳಿಸುತ್ತೇವೆ, ಹೆಚ್ಚು ಮಾತಾಡಿದರೆ ಕಟಕಟೆಯಿಂದ ಇಳಿಸುತ್ತೇವೆ.

ಇದೆಲ್ಲ ಮಕ್ಕಳ ಪ್ರಬಂಧದ ಮಾತಾಗಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಯಾರು ಈ ನೀತಿಯನ್ನು ಯಾರಿಗೆ ಹೇಳುತ್ತಾರೆಂಬುದನ್ನು ಒಮ್ಮೆ ಗಮನಿಸಿ.

1989ರ ಮಳೆಗಾಲ. ನನ್ನ ಅಕ್ಕ ಎರಡು ವರ್ಷದ ಮಗಳನ್ನು ಎತ್ತಿಕೊಂಡು ರಾತ್ರಿ ಬಸ್ಸಿನಲ್ಲಿ ಗಂಡನ ಮನೆಯಿಂದ ಬಂದಿಳಿದಳು. ಯಾಕೆಂದು ಕೇಳಬೇಕಾಗಿರಲಿಲ್ಲ, ತೋಳಿನ ಮೇಲೆ ಬರೆದಿತ್ತು. ಅಪ್ಪ ತೀರಿಕೊಂಡಿದ್ದರಿಂದ ನಮಗೆ ಸೋದರಮಾವನೇ ಹಿರಿಯ. ಮರುದಿನ ಬೆಳಿಗ್ಗೆ ಅವನು ಬಂದ. ಜಗಲಿಯ ಮೇಲೆ ಕೂತು ಕವಳ ಹಾಕಿಕೊಂಡು, ಎದುರಿನ ತೋಟ ತೋರಿಸಿದ. “ನೋಡೇ ಕೂಸೆ, ಅಡಿಕೆ ಮರ ನೋಡು. ಗಾಳಿ ಬಂದಾಗ ಬಾಗ್ತದೆ. ಗಾಳಿ ಹೋದ ಮೇಲೆ ನೆಟ್ಟಗೆ ನಿಲ್ತದೆ. ಬಾಗೋ ಮರ ಮುರಿಯೋದಿಲ್ಲ.” ಅಕ್ಕ ತೋಟದ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಅಮ್ಮ ಒಳಗಿನಿಂದ ಕಾಫಿ ತಂದವಳು, ಭೂಮಿಗಿರುವ ತಾಳ್ಮೆ ಹೆಣ್ಣಿಗಿರಬೇಕು ಎಂದು ತನ್ನ ಪಾಲಿನದನ್ನೂ ಸೇರಿಸಿದಳು. ಎಂಟನೆಯ ದಿನ ಅಕ್ಕನನ್ನು ಅದೇ ಬಸ್ಸಿಗೆ ಹತ್ತಿಸಿದೆವು. ಹತ್ತಿಸಿದವರಲ್ಲಿ ನಾನೂ ಇದ್ದೆ. ಮಗುವಿನ ಬಟ್ಟೆಯ ಚೀಲ ನನ್ನ ಕೈಯಲ್ಲಿತ್ತು.

ಅಡಿಕೆ ಬೆಳೆಗಾರರು ಈ ಬರಹ ಓದುತ್ತಿದ್ದರೆ ಇಷ್ಟು ಹೊತ್ತಿಗೆ ನಕ್ಕಿರುತ್ತಾರೆ. ಬಾಗುವ ಮರ ಮುರಿಯುವುದಿಲ್ಲವಂತೆ! ಅಡಿಕೆ ಮರ ಬಾಗುತ್ತದೆ, ನಿಜ. ತಲೆಯ ಮೇಲೆ ಕೊನೆಯ ಭಾರ, ನೆನೆದ ಸೋಗೆಯ ಭಾರ ಹೊತ್ತು ಬಾಗುತ್ತಾ ಬಾಗುತ್ತಾ ನಡುವಿನಲ್ಲಿ ಲಟ್ಟನೆ ಮುರಿಯುತ್ತದೆ. ಮುರಿಯುವಾಗ ಪಕ್ಕದ ಒಂದೆರಡನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ. ಅದೇ ವರ್ಷ ಆಗಸ್ಟಿನ ಒಂದು ಸಂಜೆಯ ಗಾಳಿಗೆ ಮಾವನ ತೋಟದಲ್ಲಿ ಮೂವತ್ತನಾಲ್ಕು ಮರ ಹೋದವು. ಅದೇ ಜಗಲಿಯ ಮೇಲೆ ತಲೆಗೆ ಕೈಕೊಟ್ಟು ಕೂತ ಮಾವನಿಗೆ ‘ತಾಳ್ಮೆಯಿರಲಿ, ಭೂಮಿ ನೋಡಿ ಕಲಿ’ ಎಂದು ಯಾರೂ ಹೇಳಲಿಲ್ಲ. ಪರಿಹಾರಕ್ಕೆ ಅರ್ಜಿ ಬರೆದುಕೊಡು ಎಂದು ನನ್ನನ್ನು ಕರೆದರು. ಬರೆದುಕೊಟ್ಟೆ.

ಮಾವ ಅಡಿಕೆ ಮರವನ್ನು ತಿಳಿಯದವನೇನಲ್ಲ. ಯಾವ ಮರ ಯಾವ ವರ್ಷ ಎಷ್ಟು ಕೊನೆ ಬಿಟ್ಟಿತೆಂದು ಹೇಳಬಲ್ಲವನಾಗಿದ್ದ. ಕೊಳೆರೋಗ ಬಂದರೆ ಅದರಿಂದ ಜೀವನದ ನಶ್ವರತೆಯನ್ನು ಕಲಿಯುತ್ತ ಕೂರುತ್ತಿರಲಿಲ್ಲ, ಮೈಲುತುತ್ತ, ಸುಣ್ಣ ಕಲಸಿ ಮದ್ದು ಹೊಡೆಸುತ್ತಿದ್ದ. ಅವನ ಕೊನೆಗೌಡ ಮರ ಹತ್ತುವ ಮೊದಲು ಬುಡಕ್ಕೆ ಅಂಗೈಯಿಂದ ತಟ್ಟಿ, ಕಿವಿಗೊಟ್ಟು, ಮೇಲೆ ನೋಡಿ, ಕೆಲವು ಮರಗಳನ್ನು “ಇದು ಬ್ಯಾಡ” ಎಂದು ಬಿಟ್ಟುಬಿಡುತ್ತಿದ್ದ. ಅದು ಪ್ರಕೃತಿಯಿಂದ ಕಲಿಯುವುದು. ತಪ್ಪಿದರೆ ಪ್ರಾಣ ಹೋಗುತ್ತಿತ್ತು, ಹಾಗಾಗಿ ಅವನು ಮರವನ್ನು ಮರವೆಂದೇ ನೋಡುತ್ತಿದ್ದ. ಮಾವನಿಗೂ ತೋಟದಲ್ಲಿ ಅಂಥ ಕಣ್ಣೇ ಇತ್ತು. ಜಗಲಿ ಹತ್ತಿ ಅಕ್ಕನ ಎದುರು ಕೂತಾಗ ಮಾತ್ರ ಅದೇ ಮರ ಗಾದೆಯಾಯಿತು.

ಅಕ್ಕ ಹನ್ನೊಂದು ವರ್ಷ ಬಾಗಿದಳು. ಈಗ ಮಗಳ ಮನೆಯಲ್ಲಿದ್ದಾಳೆ. ಇದನ್ನು ಬರೆಯುತ್ತೇನೆಂದು ಫೋನಿನಲ್ಲಿ ಕೇಳಿದಾಗ ನಕ್ಕಳು. “ಬರಿ, ಅದಕ್ಕೇನು? ಮಾವ ಒಳ್ಳೆಯವನೇ ಮಾರಾಯ್ತಿ, ಬಸ್ ಚಾರ್ಜು ಅವನೇ ಕೊಟ್ಟಿದ್ದ” ಎಂದಳು.

ಇನ್ನು ನದಿ. ನಾನು ಹಿನ್ನೀರಿನ ಆಚೆ ಶಾಲೆಯಲ್ಲಿದ್ದಷ್ಟು ಕಾಲ ಲಾಂಚಿನಲ್ಲೇ ಓಡಾಟ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಆ ಕಡೆಯವರಿಗೆ ಸಾಗರ ಪೇಟೆಗೆ ಬರಲು ಲಾಂಚೇ ಹತ್ತಿರದ ದಾರಿ. ಒಂದು ರಜೆಯ ದಿನ, ಸಿಗಂದೂರಿಗೆ ಹೊರಟ ಪೇಟೆಯ ಕುಟುಂಬವೊಂದು ಲಾಂಚಿನಲ್ಲಿತ್ತು. ಯಜಮಾನರು ನೀರಿನ ಕಡೆ ಕೈಚಾಚಿ ಮಗನಿಗೆ ಹೇಳುತ್ತಿದ್ದರು: “ನೀರನ್ನ ನೋಡಿ ಕಲೀಬೇಕು ಪುಟ್ಟ. ಅಡ್ಡ ಬಂದಿದ್ದನ್ನ ಬಳಸಿಕೊಂಡು ಹರಿತಾನೇ ಇರುತ್ತೆ.” ನನ್ನ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ನನಗೆ ಮಾತ್ರ ಕೇಳುವ ಹಾಗೆ, “ಹರಿಯೋ ನೀರಲ್ಲ ಅಕ್ಕೋರೆ ಇದು. ನಿಲ್ಸಿದ ನೀರು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಲಾಂಚಿನ ಎಡಗಡೆಗೆ ಗಲ್ಲ ಚಾಚಿ, “ನಮ್ಮನೆ ಅಲ್ಲಿತ್ತು” ಎಂದಳು. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು ಅದೇ ಹೊಳೆಗೆ ಹಿರೇಭಾಸ್ಕರದಲ್ಲಿ ಕಟ್ಟಿದ್ದ, 1948ರಲ್ಲಿ ಮುಗಿದಿದ್ದ ಹಳೆಯ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತು; ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ತಲೆಯೆತ್ತಿದಾಗ ಜನ ಫೋಟೊ ತೆಗೆಯಲು ಹೋಗುತ್ತಾರೆ. ಊರುಗಳು, ಗದ್ದೆಗಳು, ದೇವಸ್ಥಾನಗಳು ಒಳಗಿವೆ. ಎಬ್ಬಿಸಿ ಲಾರಿಗೆ ಹತ್ತಿಸಿದವರಿಗೆ ಕಾಡಿನ ನಡುವೆ ಜಾಗ ತೋರಿಸಿದರು. ಅರವತ್ತು ವರ್ಷ ದಾಟಿದರೂ ಅವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಆ ಅಜ್ಜಿಗೆ ‘ನದಿಯ ಹಾಗೆ ಹಿಂದಿನದನ್ನು ಬಿಟ್ಟು ಮುಂದೆ ಸಾಗು’ ಎಂದು ಯಾರಾದರೂ ಹೇಳಿದರೆ, ಬುಟ್ಟಿಯಲ್ಲಿದ್ದ ಕೆಸುವಿನ ಗೆಡ್ಡೆ ತೆಗೆದು ಎಸೆದಿದ್ದರೆ ನಾನು ತಪ್ಪೆನ್ನುತ್ತಿರಲಿಲ್ಲ. ಆ ಪೇಟೆಯ ಯಜಮಾನರು ಕೆಟ್ಟವರಲ್ಲ. ಮಗನಿಗೆ ಒಳ್ಳೆಯದನ್ನೇ ಹೇಳಬೇಕೆಂದಿದ್ದರು. ಆದರೆ ಆ ಹುಡುಗ ಅಷ್ಟು ದೊಡ್ಡ ನೀರನ್ನು ದಾಟಿ ಹೋದ, ಅದು ನಿಂತ ನೀರೆಂದು ತಿಳಿಯದೆ, ಯಾಕೆ ನಿಂತಿದೆಯೆಂದು ಕೇಳದೆ.

ಈ ಚಟಕ್ಕೆ ಇನ್ನೊಂದು ಮುಖವಿದೆ, ಅದು ಇದಕ್ಕಿಂತ ಕೆಟ್ಟದ್ದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅಗಲ ಮಾಡಲು ಗುಡ್ಡದ ಬುಡ ಕಡಿದಿದ್ದ ಹೆದ್ದಾರಿ, ಕೆಳಗೆ ಗಂಗಾವಳಿ ಹೊಳೆ. ರಸ್ತೆ ಬದಿಯ ಚಹಾದಂಗಡಿ ನಡೆಸುತ್ತಿದ್ದ ಮನೆಯವರೂ ಲಾರಿಯವರೂ ಮಣ್ಣಿನೊಂದಿಗೆ ಹೊಳೆಗೆ ಹೋದರು. ಮರುದಿನವೇ ನನ್ನ ಮೊಬೈಲಿಗೆ ಬಂತು: ‘ಪ್ರಕೃತಿ ಮಾತೆಗೂ ತಾಳ್ಮೆಗೆ ಮಿತಿಯಿದೆ. ಅವಳು ಮನುಷ್ಯನಿಗೆ ಪಾಠ ಕಲಿಸಿದ್ದಾಳೆ.’ ಯಾವ ಮನುಷ್ಯನಿಗೆ? ಚಹಾ ಸೋಸುತ್ತಿದ್ದವನಿಗೇ? ಗುಡ್ಡದ ಬುಡವನ್ನು ಹೇಗೆ ಕಡಿಯಬೇಕು, ಎಷ್ಟು ಓರೆ ಇಡಬೇಕು, ನೀರಿಗೆ ಎಲ್ಲಿ ದಾರಿ ಬಿಡಬೇಕು ಎಂದು ಲೆಕ್ಕ ಹಾಕಬೇಕಾದವರು ಬೇರೆ ಇದ್ದಾರೆ. ಅವರನ್ನು ಕೇಳಬೇಕಾದ ಪ್ರಶ್ನೆಯನ್ನು ಒಬ್ಬ ತಾಯಿಯ ಸಿಟ್ಟಿನ ಕಥೆ ಮಾಡಿ ಕೈತೊಳೆದುಕೊಂಡರೆ ಎಲ್ಲರಿಗೂ ಆರಾಮ. ನನ್ನ ಅಕ್ಕನಿಗೆ ತಾಳ್ಮೆ ಕಲಿಸಿದ ಭೂಮಿಯೂ ಇದೇ, ಈಗ ತಾಳ್ಮೆ ಕಳೆದುಕೊಂಡ ಭೂಮಿಯೂ ಇದೇ. ಮಣ್ಣು, ಮಳೆ, ಓರೆ ಇವುಗಳ ಮಾತನ್ನು ಕೇಳುವವರು ಯಾರು?

ಈ ವಾದವನ್ನು ಶಿಕ್ಷಕರ ಕೊಠಡಿಯಲ್ಲಿ ಒಮ್ಮೆ ಎತ್ತಿದಾಗ ನಮ್ಮ ಸಂಸ್ಕೃತದ ಮೇಷ್ಟ್ರು ಸುಮ್ಮನಿರಲಿಲ್ಲ. “ಮೇಡಂ, ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತ ಇಪ್ಪತ್ತನಾಲ್ಕು ಗುರುಗಳನ್ನು ಹೇಳ್ತಾನೆ. ಮೊದಲನೆಯ ಗುರುವೇ ಭೂಮಿ. ಅವಧೂತನಿಗಿಂತ ನೀವು ದೊಡ್ಡವರೋ?” ಎಂದರು. ಒಳ್ಳೆಯ ಪ್ರಶ್ನೆ. ಮನೆಗೆ ಹೋಗಿ ತೆಗೆದು ಓದಿದೆ. ಆ ಪಟ್ಟಿಯಲ್ಲಿ ಹೆಬ್ಬಾವೂ ಇದೆ. ಬಾಯಿಗೆ ತಾನಾಗಿ ಬಂದದ್ದನ್ನು ತಿಂದು ಏನೂ ಮಾಡದೆ ಬಿದ್ದಿರುವುದನ್ನು ಅವನು ಅದರಿಂದ ಕಲಿತ. ಪಿಂಗಳೆಯೆಂಬ ವೇಶ್ಯೆಯೂ ಅವನ ಗುರು. ಯಾರನ್ನು ಗುರುವೆನ್ನಲು ನಾವು ಸಭೆಯಲ್ಲಿ ಬಾಯಿಬಿಡುವುದಿಲ್ಲವೋ ಅವರನ್ನೂ ಅವನು ಬಿಟ್ಟಿಲ್ಲ. ಮುಖ್ಯವಾಗಿ, ಮನೆಮಠ ಬಿಟ್ಟ ಆ ಮನುಷ್ಯ ಅದನ್ನೆಲ್ಲ ಕಲಿತದ್ದು ತನಗಾಗಿ. ಭೂಮಿಯ ತಾಳ್ಮೆಯನ್ನು ತಾನು ಇಟ್ಟುಕೊಂಡ, ಯಾರ ಮನೆಯ ಹೆಣ್ಣುಮಗಳಿಗೂ ಹಂಚಲು ಹೋಗಲಿಲ್ಲ. ಮರುದಿನ ಇದನ್ನು ಹೇಳಿದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, “ಹೆಬ್ಬಾವಿನದು ಸಿಲಬಸ್ಸಿನಲ್ಲಿ ಬರೋದಿಲ್ಲ ಬಿಡಿ” ಎಂದರು. ಅಂದಿನಿಂದ ನಾವು ಒಳ್ಳೆಯ ಸ್ನೇಹಿತರು.

ಹಾಗಾದರೆ ಹಿತ್ತಿಲಿನ ಪಾರಿಜಾತದ ಹತ್ತಿರ ಬೆಳಿಗ್ಗೆ ನಿಂತಾಗ ಮನಸ್ಸಿಗೆ ಏನೂ ಅನ್ನಿಸಬಾರದೇ ಎಂದು ಕೇಳುವಿರಿ. ಅನ್ನಿಸಲಿ. ನನಗೂ ಅನ್ನಿಸುತ್ತದೆ. ಅಮ್ಮ ತೀರಿಕೊಂಡ ವರ್ಷ ನಾನು ದಿನಾ ಬೆಳಿಗ್ಗೆ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದೆ. ಉದುರಿದ ಹೂವುಗಳಲ್ಲಿ ಕೆಲವು ಮಗುಚಿ ಬಿದ್ದಿರುತ್ತಿದ್ದವು, ಕೇಸರಿ ತೊಟ್ಟು ಮೇಲಾಗಿ. ಎಷ್ಟು ಮಗುಚಿವೆ, ಎಷ್ಟು ಅಂಗಾತ ಬಿದ್ದಿವೆ ಎಂದು ಎಣಿಸುತ್ತಿದ್ದೆ. ಅದರಿಂದ ಏನನ್ನೂ ಕಲಿಯಲಿಲ್ಲ. ಎಣಿಸುವಷ್ಟು ಹೊತ್ತು ಅಲ್ಲಿದ್ದೆ.

ಈಗ ನನ್ನ ತರಗತಿಯಲ್ಲಿ ಪ್ರಬಂಧಕ್ಕೆ ‘ನಾನು ನೋಡಿದ್ದು’ ಎಂಬ ಒಂದೇ ವಿಷಯ. ನೀತಿ ಬರೆದರೆ ಒಂದು ಅಂಕ ಕಳೆಯುತ್ತೇನೆಂದು ಮೊದಲೇ ಹೇಳಿರುತ್ತೇನೆ. ಪೋಷಕರೊಬ್ಬರು ಬಂದು, ಮಕ್ಕಳಿಗೆ ಸಂಸ್ಕಾರ ಕಲಿಸುತ್ತಿಲ್ಲವೆಂದು ಮುಖ್ಯೋಪಾಧ್ಯಾಯರ ಹತ್ತಿರ ದೂರು ಕೊಟ್ಟು ಹೋದರು. ಕೊಡಲಿ. ಅವರ ಮಗ ಕಪ್ಪೆ ತನ್ನ ಕಣ್ಣನ್ನು ಒಳಗೆಳೆದುಕೊಂಡು ನುಂಗುತ್ತದೆಂದು ಬರೆದಿದ್ದಾನೆ. ಅದು ನಿಜ. ಕಣ್ಣುಗುಡ್ಡೆ ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ನೂಕುತ್ತದೆ. ಒಂಬತ್ತು ಕೊಟ್ಟಿದ್ದೇನೆ.

ಈಚೆಗೆ ಕೊನೆಕೊಯ್ಲಿನ ಹೊತ್ತಿನಲ್ಲಿ ಮಾವನ ಮನೆಗೆ ಹೋಗಿದ್ದೆ. ಮಾವ ಇಲ್ಲ, ಅವನ ಮಗ ತೋಟ ನೋಡಿಕೊಳ್ಳುತ್ತಾನೆ. ಈಗ ಮರ ಹತ್ತುವವರು ಕಡಿಮೆ. ಅರವತ್ತೆಪ್ಪತ್ತು ಅಡಿಯ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಕೊನೆ ಇಳಿಸುತ್ತಾರೆ. ದೋಟಿ ಹಿಡಿದ ತಂಡದ ಮುಖ್ಯಸ್ಥ ನನ್ನನ್ನು ಕಂಡವನೇ ದೋಟಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಬಂದ. “ಅಕ್ಕೋರೆ, ಗುರ್ತ ಸಿಕ್ತಾ?” ಸಿಕ್ಕಿತು. ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು.

ಚಹಾ ಕುಡಿಯುವಾಗ ಉತ್ತರಪತ್ರಿಕೆಯ ವಿಷಯ ಎತ್ತಿದೆ. ಮೂರು ಅಂಕ, ಕೆಂಪು ಶಾಯಿ, ಎಲ್ಲ ಹೇಳಿ, ತಪ್ಪಾಯಿತು ಎಂದೆ. ಅವನು ಯೋಚಿಸಿ, “ಹೌದಾ? ನಂಗೆ ನೆನಪೇ ಇಲ್ಲ” ಎಂದ. ನನ್ನ ಸಮಾಧಾನಕ್ಕೆ ಹಾಗೆ ಅಂದನೋ, ನಿಜವೋ, ತಿಳಿಯಲಿಲ್ಲ. ಆಮೇಲೆ ಲೋಟ ಕೆಳಗಿಟ್ಟು, “ಬನ್ನಿ” ಎಂದು ಅಂಗಳದ ಅಂಚಿನ ಮಾವಿನ ಮರದ ಹತ್ತಿರ ಕರೆದುಕೊಂಡು ಹೋದ. ತಗ್ಗಿನ ಕೊಂಬೆಯಲ್ಲಿ ಚಗಳಿಗಳು ಹೊಸ ಗೂಡು ಕಟ್ಟುತ್ತಿದ್ದವು. ಐವತ್ತು ದಾಟಿದ ಮೇಲೆ ನಾನು ಮೊದಲ ಸಲ ನೋಡಿದೆ. ಬಾಯಲ್ಲಿ ಮರಿ, ಈ ಎಲೆಗೊಮ್ಮೆ, ಆ ಎಲೆಗೊಮ್ಮೆ. ಸಾಮಾನ್ಯವಾಗಿ ಇರುವೆಯ ಮರಿ ತನ್ನ ಸುತ್ತ ಕೋಶ ಕಟ್ಟಿಕೊಳ್ಳಲು ಉಳಿಸಿಕೊಳ್ಳುವ ರೇಷ್ಮೆ ಅದು. ಎಲ್ಲವೂ ಗೂಡಿಗೇ ಖರ್ಚಾಗಿ ಚಗಳಿಯ ಮರಿ ಮುಂದೆ ಕೋಶವಿಲ್ಲದೆ ಬರಿಮೈಯಲ್ಲೇ ಬೆಳೆಯುತ್ತದೆ ಎಂದು ನಾನು ಈ ನಡುವೆ ಓದಿದ್ದೆ. ಅದನ್ನು ಅವನಿಗೆ ಹೇಳಿದೆ. ಹೇಳುತ್ತಿದ್ದಂತೆಯೇ ‘ಎಂಥ ತ್ಯಾಗ ನೋಡು’ ಎಂಬ ಮಾತು ನಾಲಗೆಯ ತುದಿಗೆ ಬಂತು. ಮೂವತ್ತು ವರ್ಷದ ಅಭ್ಯಾಸ. ಹಲ್ಲು ಕಚ್ಚಿ ನುಂಗಿಕೊಂಡೆ.

“ಹೌದಾ?” ಎಂದು ಅವನು ಇನ್ನಷ್ಟು ಬಗ್ಗಿ ನೋಡಿದ. “ಅದು ನಂಗೆ ಗೊತ್ತಿರ್ಲಿಲ್ಲ. ಗೂಡು ಬಿಡಿಸಿ ನೋಡ್ಬೇಕು.”

ಅಷ್ಟರಲ್ಲಿ ನನ್ನ ಕುತ್ತಿಗೆಗೆ ಒಂದು ಕಚ್ಚಿತು. ಕೊಂಬೆಗೆ ನನ್ನ ತಲೆ ತಾಗಿತ್ತು.

“ಜಾಡಿಸಬೇಡಿ ಅಕ್ಕೋರೆ” ಎಂದ. “ತಲೆ ಅಲ್ಲೇ ಉಳೀತದೆ. ತಡೀರಿ, ನಾನು ತೆಗೀತೆ.”